ಬಾಗಿಲು ಎಳೆದುಕೊಂಡು ಹೋಗಿ

ಹೆತ್ತವರು ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಅದು ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಬೀದಿಯವರಿಗೆ, ಅಂಗಡಿಯವರಿಗೆ, ಸತ್ತವರ ಮನೆಯವರಿಗೆ ಅವನು ಕರ್ಚೀಫಣ್ಣ. ಹಾಗಂತ ಅವನೇನೂ ಕರ್ಚೀಫು ಮಾರುವವನಲ್ಲ. ಅವನು ಹಾಡಲು ನಿಂತರೆ ಸಭೆಯಲ್ಲಿದ್ದ ಕರ್ಚೀಫುಗಳೆಲ್ಲ ತಾವಾಗಿ ಜೇಬಿನಿಂದ ಹೊರಗೆ ಬರುತ್ತಿದ್ದವು. ಕರ್ಚೀಫು ತರದವರು ತೋಳಿನಲ್ಲೋ, ಸಭೆಯ ಕರಪತ್ರದಲ್ಲೋ, ತೀರಾ ತಡೆಯಲಾಗದಿದ್ದರೆ ಪಕ್ಕದವರ ಹೆಗಲಿನಲ್ಲೋ ಕಣ್ಣೊರೆಸಿಕೊಳ್ಳುತ್ತಿದ್ದರು.

ಹಗಲು ಹೊತ್ತು ಅವನು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುತ್ತಿದ್ದ. ಅಂಗಡಿಯ ಮುಂಭಾಗವೆಲ್ಲ ಕನ್ನಡಿ, ಝಗಝಗ ಬೆಳಕು. ಹಿಂಭಾಗಕ್ಕೊಂದು ಪರದೆ. ಪರದೆಯಾಚೆ ಒಂದು ಸ್ಟೂಲು, ತಿರುಗುವ ಸಾಣೆಕಲ್ಲು, ಅದರ ಮೇಲೆ ತೊಟ್ಟಿಕ್ಕುವ ನೀರು, ಫ್ರೇಮನ್ನು ಮೆತ್ತಗೆ ಮಾಡಲು ಬಿಸಿಗಾಳಿಯ ಡಬ್ಬಿ, ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುವಂಥ ಸ್ಕ್ರೂಗಳು. ಗಾಜನ್ನು ಸಾಣೆಗೆ ಒತ್ತಿ ಹಿಡಿದು, ಫ್ರೇಮಿನ ಆಕಾರಕ್ಕೆ ಅಂಚು ತೆಗೆದು, ಕೂರಿಸಿ, ಮೂಗಿನ ಮೇಲೆ ಜಾರದ ಹಾಗೆ ಬಾಗಿಸಿ ಕೊಡುವುದು ಅವನ ಕೆಲಸ. "ನಮ್ಮೋನು ಹಗಲೆಲ್ಲ ಜನರ ಕಣ್ಣು ಸರಿಮಾಡ್ತಾನೆ, ಸಂಜೆ ಹೋಗಿ ಕೆಡಿಸಿ ಬರ್ತಾನೆ" ಎಂದು ಅಂಗಡಿಯ ಯಜಮಾನರು ಗಿರಾಕಿಗಳಿಗೆ ಹೇಳುತ್ತಿದ್ದರು. ಈ ಜೋಕು ಹುಟ್ಟಿ ಎಷ್ಟೋ ಕಾಲವಾಗಿತ್ತು. ಆದರೂ ಯಜಮಾನರು ಪ್ರತಿ ಸಲವೂ ಅದು ಆಗಷ್ಟೇ ಹೊಳೆದಂತೆ ಒಂದು ಗಳಿಗೆ ತಡೆದು, ಗಿರಾಕಿಯ ಮುಖ ನೋಡಿ, ಆಮೇಲೆ ಹೇಳುತ್ತಿದ್ದರು. ಪರದೆಯ ಹಿಂದೆ ಕರ್ಚೀಫಣ್ಣ ನಗುತ್ತಿದ್ದ; ಸಂಬಳ ತೆಗೆದುಕೊಳ್ಳುವವನು ಎಷ್ಟು ನಗಬೇಕೋ ಅಷ್ಟು.

ಸಂಜೆಯ ಕೆಲಸ ಕೊಡುತ್ತಿದ್ದವರು ನಾಗರಿಕರ ಸಂಘದ ಕಾರ್ಯದರ್ಶಿಗಳು. ಯಾರಾದರೂ ತೀರಿಕೊಂಡರೆಂದರೆ ಅವರ ನಡಿಗೆಗೆ ಒಂದು ಚುರುಕು ಬರುತ್ತಿತ್ತು. ಸಭಾಂಗಣ ಗೊತ್ತುಮಾಡಬೇಕು, ತೀರಿಕೊಂಡವರ ಫೋಟೋ ದೊಡ್ಡದು ಮಾಡಿಸಬೇಕು, ಭಾಷಣಕಾರರನ್ನು ಹಿಡಿದು ತರಬೇಕು, ಅವರೆಲ್ಲರಿಗಿಂತ ಹೆಚ್ಚು ಹೊತ್ತು ತಾವೇ ಮಾತಾಡಬೇಕು. ಸತ್ತವರ ಗುಣಗಾನದಿಂದ ಹೊರಟ ಅವರ ಭಾಷಣ ನೋಡನೋಡುತ್ತಿದ್ದಂತೆ ಅವರ ಸ್ವಂತ ಗುಣಗಾನದೊಳಗೆ ಹೊಕ್ಕು, ಹೊರಬರುವ ದಾರಿ ಕಾಣದೆ ಅಲ್ಲೇ ಸುತ್ತುತ್ತಿತ್ತು. ಜನ ಆಕಳಿಸಿ, ಕೆಮ್ಮಿ, ಕುರ್ಚಿ ಕಿರುಗುಟ್ಟಿಸಿ ಎಲ್ಲ ಆದ ಮೇಲೆ, "ಈಗ ನಮ್ಮ ಕರ್ಚೀಫಣ್ಣ" ಎನ್ನುತ್ತಿದ್ದರು.

ಅವನು ಎದ್ದು ನಿಂತು, ಎಡಗೈಯನ್ನು ಕಿವಿಗೆ ಒತ್ತಿ, ಯಾವ ವಾದ್ಯವೂ ಇಲ್ಲದೆ ಶುರುಮಾಡುತ್ತಿದ್ದ:

ಬಾಗಿಲು ಎಳೆದುಕೊಂಡು ಹೋಗು, ಹೋಗುವವನೇ,
ಒಳಗೆ ದೀಪ ಉಳಿದಿದೆ, ಗಾಳಿ ಹೊರಗಿದೆ.

ಹೋದದ್ದು ಹೆಂಗಸಾದರೆ "ಹೋಗುವವಳೇ" ಎನ್ನುತ್ತಿದ್ದ, ಅಷ್ಟೇ ವ್ಯತ್ಯಾಸ. ಅವನೇ ಕಟ್ಟಿದ ಹಾಡು, ಅವನದೇ ಧಾಟಿ. ಎರಡನೆಯ ಸಾಲಿನಲ್ಲಿ ದನಿ ಮೇಲಕ್ಕೆ ಹೋಗುತ್ತದೆ ಎಂದು ಎಲ್ಲರೂ ಕಾಯುವಾಗ ಅದು ಹೋಗುತ್ತಿರಲಿಲ್ಲ, ಇದ್ದಲ್ಲೇ ಕುಸಿಯುತ್ತಿತ್ತು. ಅಲ್ಲಿಗೆ ಸಭೆ ಮುಗಿಯಿತು. ಸತ್ತವರ ಮುಖ ಕಂಡರಾಗದವರೂ ಬಿಕ್ಕುತ್ತಿದ್ದರು. ಒಮ್ಮೆ ಅಪ್ಪನ ಮನೆಗಾಗಿ ಕೋರ್ಟು ಹತ್ತಿದ್ದ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತಿದ್ದರು. ಮರುದಿನ ಎಂದಿನಂತೆ ಕೋರ್ಟಿಗೆ ಹೋದರು, ಆ ಮಾತು ಬೇರೆ.

ಅವನು ಕಣ್ಣು ಮುಚ್ಚಿಕೊಂಡು ಹಾಡುತ್ತಾನೆಂದು ಜನ ನಂಬಿದ್ದರು. ಪೂರ್ತಿ ಮುಚ್ಚುತ್ತಿರಲಿಲ್ಲ. ಯಾವ ಸಾಲಿನಲ್ಲಿ ಯಾರದ್ದು ಆಯಿತು, ಯಾರದ್ದು ಇನ್ನೂ ಬಾಕಿ ಎಂದು ರೆಪ್ಪೆಯ ಸಂದಿಯಿಂದ ನೋಡುತ್ತಿದ್ದ. ಹಾಡು ಮುಗಿಯುವ ಹೊತ್ತಿಗೆ ಬಾಕಿ ಯಾರೂ ಉಳಿಯುತ್ತಿರಲಿಲ್ಲ.

ಒಬ್ಬಳನ್ನು ಬಿಟ್ಟು. ಅವಳು ಅವನ ಹೆಂಡತಿ.

ಅವರದು ಗಲ್ಲಿಯೊಳಗಿನ ಎರಡು ಕೋಣೆಯ ಮನೆ. ಮಕ್ಕಳಿರಲಿಲ್ಲ. ಅವಳು ದರ್ಜಿ ಅಂಗಡಿಗಳಿಗೆ ಕಾಜಾ ಹಾಕಿ ಗುಂಡಿ ಹೊಲಿದು ಕೊಡುತ್ತಿದ್ದಳು. ಕಿಟಕಿಯ ಪಕ್ಕ ಚಾಪೆ, ಚಾಪೆಯ ಮೇಲೆ ಅಂಗಿಗಳ ಗುಡ್ಡೆ, ಅದರ ನಡುವೆ ಅವಳು. ಹಲ್ಲಿನಿಂದ ದಾರ ಕತ್ತರಿಸಿ, ಕಾಜಾದ ಅಂಚಿಗೆ ಒತ್ತೊತ್ತಾಗಿ ಹೊಲಿಗೆ ಹಾಕುತ್ತ ಕೂತರೆ ಬೆಳಕು ಹೋದಾಗಲೇ ತಲೆ ಎತ್ತುವುದು. ಅವನು ಗೋಡೆಗೆ ಒರಗಿ ಅಭ್ಯಾಸ ಮಾಡುತ್ತಿದ್ದ. ಊರನ್ನೆಲ್ಲ ಮುಳುಗಿಸಿದ ಆ ಹಾಡಿಗೆ ಅವಳ ಸೂಜಿ ಒಂದು ಹೊಲಿಗೆಯನ್ನೂ ತಪ್ಪಿಸಿದ್ದಿಲ್ಲ.

"ಏನನ್ನಿಸ್ತು?" ಎಂದು ಕೇಳುತ್ತಿದ್ದ.

"ಎರಡನೇ ಸಾಲು ಮೂಗಲ್ಲಿ ಹಾಡ್ತೀರ. ನೆಗಡಿನಾ?"

"ಅದಲ್ಲ ಕಣೇ. ಕಣ್ಣಲ್ಲಿ ನೀರು ಬರಲಿಲ್ವಾ ನಿನಗೆ?"

"ಅದಕ್ಕೆ ಈರುಳ್ಳಿ ಇದೆಯಲ್ಲ ರೀ. ಪಾಪ, ಅದು ಹಾಡೋದೂ ಇಲ್ಲ. ಸಾಕು ಬಿಡಿ, ಗಂಟಲು ಹೋಗುತ್ತೆ."

ಅವಳ ಕಲ್ಲುಮನಸ್ಸಿಗೆ ಕಾರಣವಿತ್ತು. ಆ ಹಾಡಿನ ತವರುಮನೆ ಅವಳ ಬಾಯಿ. ಅವರ ಬಾಗಿಲಿನ ಚಿಲಕ ಸಡಿಲ. ಎಳೆದು ಕೂರಿಸದಿದ್ದರೆ ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು. ಗಲ್ಲಿಯಲ್ಲಿ ಒಂದು ಬೂದು ಬೆಕ್ಕು ಆ ಕ್ಷಣಕ್ಕಾಗಿಯೇ ಹುಟ್ಟಿದ ಹಾಗೆ ಕಾದಿರುತ್ತಿತ್ತು. ದಿನಾ ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಅವಳು, "ಬಾಗಿಲು ಎಳೆದುಕೊಂಡು ಹೋಗಿ, ಬೆಕ್ಕು ಬರುತ್ತೆ" ಎನ್ನುತ್ತಿದ್ದಳು. ಒಂದು ದಿನ ದಾರಿಯಲ್ಲಿ ಆ ಮಾತಿನ ಅರ್ಧ ಅವನ ನಾಲಿಗೆಯ ಮೇಲೆ ರಾಗವಾಗಿ ಕೂತಿತು. ಉಳಿದರ್ಧ, ಅಂದರೆ ಬೆಕ್ಕು, ಗಲ್ಲಿಯಲ್ಲೇ ಉಳಿಯಿತು. ಸಾಣೆಕಲ್ಲಿನ ಸದ್ದಿಗೆ ಶ್ರುತಿ ಹಿಡಿದು ಸಂಜೆಯೊಳಗೆ ಹಾಡನ್ನು ಕಟ್ಟಿ ಮುಗಿಸಿದ.

ಅವಳು ಅದನ್ನು ಮೊದಲು ಕೇಳಿದ್ದು ಒಬ್ಬ ದರ್ಜಿಯ ಶ್ರದ್ಧಾಂಜಲಿ ಸಭೆಯಲ್ಲಿ. ಹಾಡುತ್ತಿದ್ದವನು ರೆಪ್ಪೆಯ ಸಂದಿಯಿಂದ ನೋಡಿದರೆ ಹೆಂಡತಿ ಬಾಯಿಗೆ ಕೈ ಒತ್ತಿಕೊಂಡಿದ್ದಾಳೆ, ಹೆಗಲು ಕುಲುಕುತ್ತಿದೆ. ಅವನ ಜನ್ಮ ಸಾರ್ಥಕವಾಯಿತು. ಮನೆಗೆ ಬಂದ ಮೇಲೆ ಗೊತ್ತಾದದ್ದು, ಅದು ನಗು.

"ನಾನು ಬೆಕ್ಕಿಗೆ ಹೆದರಿ ಹೇಳೋ ಮಾತು ರೀ ಅದು. ಅದನ್ನ ತಗೊಂಡು ಹೋಗಿ ಅಷ್ಟು ಜನರನ್ನ ಅಳಿಸಿಬಿಟ್ರಲ್ಲ" ಎಂದು ಅವಳು ಮತ್ತೆ ನಗಲು ಶುರುಮಾಡಿದಳು. "ಪಕ್ಕದಲ್ಲಿದ್ದ ಅಜ್ಜಿ ನನ್ನ ಬೆನ್ನು ಸವರಿ 'ಅಳಬೇಡ ಮಗಳೇ' ಅಂತಿದ್ರೆ, ನನಗೆ ಹಾಲಿನ ಪಾತ್ರೆ ಮುಚ್ಚಿ ಬಂದೆನೋ ಇಲ್ವೋ ಅನ್ನೋ ಯೋಚನೆ."

ಅವನು ಮುಖ ಊದಿಸಿಕೊಂಡು ಮಲಗಿದ. ಊರಿನ ಅಳುವೆಲ್ಲ ಒಂದು ತೂಕ, ಈ ಒಂದು ಜೊತೆ ಕಣ್ಣು ಇನ್ನೊಂದು ತೂಕ ಎಂದು ಅವನಿಗೆ ಅಂದೇ ಅನ್ನಿಸಿದ್ದು. ಅಲ್ಲಿಂದ ಮುಂದೆ ಪ್ರತಿ ಸಭೆ ಮುಗಿಸಿ ಬಂದಾಗಲೂ ಯಾರು ಯಾರು ಹೇಗೆ ಹೇಗೆ ಅತ್ತರೆಂದು ಅವಳಿಗೆ ವರದಿ ಒಪ್ಪಿಸುತ್ತಿದ್ದ. ಅವಳು ಗುಂಡಿ ಹೊಲಿಯುತ್ತ, "ಬೆಕ್ಕಿಗೆ ಹೇಳಬೇಕು, ನಿನ್ನ ಕೀರ್ತಿ ಎಲ್ಲೆಲ್ಲಿಗೋ ಹೋಗಿದೆ ಅಂತ" ಎನ್ನುತ್ತಿದ್ದಳು. ಒಂದೇ ಒಂದು ಸಲ, ನಿಜವಾಗಿ, ಇವಳು ಅತ್ತುಬಿಟ್ಟರೆ ಸಾಕಿತ್ತು ಎಂದು ಅವನು ಆಸೆಪಡುತ್ತಲೇ ತಲೆ ನರೆಸಿಕೊಂಡ.

ಒಂದು ಬೆಳಿಗ್ಗೆ ಅವಳು ಸೂಜಿಗೆ ದಾರ ಪೋಣಿಸಲು ಹೋಗಿ ಪೋಣಿಸಲಾರದೆ ಕೂತಿದ್ದಳು. ದಾರ ಸೂಜಿಯ ಪಕ್ಕದಲ್ಲಿ ಹೋಗಿ ಬರುತ್ತಿತ್ತು. ಸೂಜಿಯನ್ನು ಅವನತ್ತ ಚಾಚಿದಳು. ಏನೋ ಹೇಳಲು ಹೋಗಿ ಸುಮ್ಮನಾದಳು. ಆಯುಷ್ಯವೆಲ್ಲ ಕನ್ನಡಕದ ಅಂಗಡಿಯಲ್ಲಿ ಕಳೆದವನಿಗೆ ಬೇರೇನು ಹೊಳೆದೀತು? "ನಂಬರು ಬದಲಾಗಿದೆ ಕಣೇ. ನಾನು ಆವತ್ತೇ ಹೇಳಲಿಲ್ವಾ?" ಎಂದು ಅವಳ ಮೂಗಿನ ಮೇಲಿದ್ದ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಹೊರಟ. ಪರದೆಯ ಹಿಂದೆ ಕೂತು ಹಳೆಯ ಗಾಜು ಬಿಚ್ಚಿ, ಸ್ವಲ್ಪ ಹೆಚ್ಚಿನ ನಂಬರಿನದನ್ನು ತುಂಬ ಮುತುವರ್ಜಿಯಿಂದ ಉಜ್ಜಿ ಕೂರಿಸಿದ. ಮಧ್ಯಾಹ್ನ ಅದನ್ನು ತೆಗೆದುಕೊಂಡು ಬಂದಾಗ ಅವಳು ಅಂಗಿಗಳ ಗುಡ್ಡೆಯ ಮೇಲೆ ಒಂದು ಬದಿಗೆ ವಾಲಿದ್ದಳು.

ಬೆಳಿಗ್ಗೆ ಹೊರಡುವಾಗ ಅವಳು ಬಾಗಿಲಿನ ಮಾತು ಹೇಳಿರಲಿಲ್ಲ. ಅದು ಅವನಿಗೆ ನೆನಪಾದದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಮೇಲೆ.

ಲಕ್ವ ಎಂದರು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಅಷ್ಟು ಮಾತಿನವಳ ಬಾಯಲ್ಲಿ ಒಂದೇ ಒಂದು ಶಬ್ದ ಉಳಿಯಿತು: ಸಾಕು. ನೀರು ಕುಡೀತೀಯಾ ಎಂದರೆ ಸಾಕು. ಮಗ್ಗುಲು ಬದಲಿಸಲಾ ಎಂದರೆ ಸಾಕು. ಇನ್ನೂ ಮೊದಲ ಚಮಚ ಬಾಯಿಗೆ ಹೋಗಿರುವುದಿಲ್ಲ, ಆಗಲೇ ಸಾಕು.

ನೋಡಿಕೊಳ್ಳಲು ಬಂದಿದ್ದ ಅವಳ ತಂಗಿ ಅಡುಗೆಮನೆಗೆ ಬಂದು, "ಉಳಿಯೋದೇ ಒಂದು ಶಬ್ದ ಆದ್ರೆ 'ಬೇಕು' ಅನ್ನೋದು ಉಳೀಬಾರದಿತ್ತಾ ಭಾವ" ಎಂದಳು. ಪಾತ್ರೆ ತೊಳೆಯುವ ನೆಪದಲ್ಲಿ ನಲ್ಲಿ ಜೋರಾಗಿ ಬಿಟ್ಟಳು.

ಮನೆಗೆ ಕರೆತಂದ ಮೇಲೆ ಒಂದು ಸಂಜೆ, ಅವಳ ತಲೆದಿಂಬು ಸರಿಮಾಡುತ್ತ ಅವನು ತನಗರಿವಿಲ್ಲದೆ ಆ ಹಾಡನ್ನು ಗುನುಗಿದ. ಎರಡನೆಯ ಸಾಲಿಗೆ ಬಂದಾಗ ನೋಡಿದರೆ ಅವಳ ತುಟಿ ಅದುರುತ್ತಿದೆ. ಕಣ್ಣು ತುಂಬಿತು, ತುಳುಕಿತು, ಎರಡೂ ಕೆನ್ನೆಯ ಮೇಲೆ ಇಳಿಯಿತು. ಆಮೇಲೆ ಎದೆಯಿಂದ ಬಿಕ್ಕಳಿಕೆ ಎದ್ದಿತು. ಇದು ನಗುವಲ್ಲ. ಅವನು ಹತ್ತಿರ ಬಗ್ಗಿ, ದೀಪ ಹಾಕಿ, ಖಾತ್ರಿ ಮಾಡಿಕೊಂಡ.

ಹೆಂಡತಿ ಹಾಸಿಗೆ ಹಿಡಿದ ಗಂಡಸು ಅಷ್ಟು ಸಂತೋಷಪಡಬಾರದಿತ್ತು. ಪಟ್ಟ. ಅಡುಗೆಮನೆಗೆ ಓಡಿ, "ಅತ್ತಳು. ನಿಮ್ಮಕ್ಕ ಅತ್ತಳು. ಹಾಡು ಒಳಗೆ ಇಳೀತು" ಎಂದ.

"ನಿಜವಾಗ್ಲೂ ಭಾವ?"

"ಮಾತು ಹೋದ್ರೇನು, ಮನಸ್ಸು ಇದೆ ಅಂತ ಆಯ್ತಲ್ಲ. ಇಷ್ಟು ದಿನ ಮುಚ್ಚಿಟ್ಟುಕೊಂಡಿದ್ಲು. ಈಗ ಬಂತು ನೋಡು."

ಸುದ್ದಿ ಗಲ್ಲಿ ದಾಟಿತು. ಯಜಮಾನರು ಗಿರಾಕಿಗಳಿಗೆ ಹೇಳಿದರು. ಜೋಕು ಸೇರಿಸದೆ ಹೇಳಿದ್ದು ಅದೊಂದೇ ಸಲವಿರಬೇಕು. ಕಾರ್ಯದರ್ಶಿಗಳು ಹಣ್ಣು ಹಿಡಿದು ಸ್ವತಃ ಬಂದು ಹಾಸಿಗೆಯ ಬುಡದಲ್ಲಿ ನಿಂತರು. ಕರ್ಚೀಫಣ್ಣ ಎಡಗೈ ಕಿವಿಗೆ ಒತ್ತಿ ಹಾಡಿದ. ಅವಳು ಅತ್ತಳು. ಕಾರ್ಯದರ್ಶಿಗಳೂ ಅತ್ತರು. "ಔಷಧಿಗೆ ಆಗದ್ದು ಕಲೆಗೆ ಆಗುತ್ತೆ ಅಂತ ನಾನು ಯಾವತ್ತೋ ಹೇಳಿದ್ದೆ" ಎಂದು ಮೂಗು ಒರೆಸಿಕೊಂಡರು. ಅವರು ಹಾಗೆ ಯಾವತ್ತೂ ಹೇಳಿರಲಿಲ್ಲ. ಆದರೆ ಇನ್ನು ಮುಂದೆ ಹೇಳುವುದು ಖಂಡಿತವಾಗಿತ್ತು.

ಅವಳ ಕೈಕಾಲಿಗೆ ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಗಟ್ಟಿ ಕೈ, ಸಣ್ಣ ದನಿ. ಅವಳಿಗೂ ಹಾಡಿ ತೋರಿಸಿದ. ಅವಳು ರೋಗಿಯ ಬಲಗೈಯನ್ನು ಮೇಲೆತ್ತಿ ಹಿಡಿದುಕೊಂಡೇ ಕೇಳಿಸಿಕೊಂಡಳು.

"ಚೆನ್ನಾಗಿ ಹಾಡ್ತೀರಿ" ಎಂದಳು. ಆಮೇಲೆ ಆ ಕೈಯನ್ನು ನಿಧಾನವಾಗಿ ಕೆಳಗಿಟ್ಟು, "ಬೇರೆ ಹೊತ್ತಲ್ಲೂ ಅಳ್ತಾರಲ್ವಾ ಇವರು?" ಎಂದು ಕೇಳಿದಳು.

"ಒಂದೊಂದು ಸಲ. ಹಾಡು ನೆನಪಾಗುತ್ತೋ ಏನೋ."

"ನಾನು ಮೊಣಕಾಲು ಮಡಚಿದ್ರೂ ಅಳ್ತಾರೆ. ಬಿಟ್ರೂ ಅಳ್ತಾರೆ. ಈ ಕಾಯಿಲೆಯಲ್ಲಿ ಕೆಲವರಿಗೆ ಹೀಗಾಗುತ್ತೆ. ಅಳು ತಡೆಯೋ ಶಕ್ತಿ ಹೋಗಿರುತ್ತೆ. ನಲ್ಲಿಗೆ ವಾಷರ್ ಹೋದ ಹಾಗೆ ಅಂದ್ಕೊಳ್ಳಿ. ದುಃಖ ಆಗಿಯೇ ಅಳ್ತಾರೆ ಅಂತ ಹೇಳಕ್ಕಾಗಲ್ಲ."

"ಆಗಿಲ್ಲ ಅಂತಲೂ ಹೇಳಕ್ಕಾಗಲ್ಲ, ಅಲ್ವಾ?"

ಅವಳು ರೋಗಿಯ ಹೊದಿಕೆ ಸರಿಮಾಡಿದಳು. "ಹೇಳಕ್ಕಾಗಲ್ಲ" ಎಂದು ಚೀಲ ಹೆಗಲಿಗೇರಿಸಿದಳು.

ವಾಷರ್ ಹೋದ ನಲ್ಲಿ ಎಂದದ್ದು ಅವನಿಗೆ ಚುಚ್ಚಿತು. ಅವಳು ಹೋದ ಮೇಲೆ ಪರೀಕ್ಷೆಗೆ ಕೂತ. ಅದೇ ಧಾಟಿಯಲ್ಲಿ, ಅದೇ ಕುಸಿತದಲ್ಲಿ, "ಸ್ಕ್ರೂ ಬಿಗಿಮಾಡಿ ಕೊಡು, ಕೊಡುವವನೇ, ಮೂಗಿನ ಮೇಲೆ ಫ್ರೇಮು ಜಾರುತಿದೆ" ಎಂದು ಹಾಡಿದ. ಹಿಂದಿನ ಹೆಂಡತಿಯಾಗಿದ್ದರೆ ಸೂಜಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವಳು ಬಿಕ್ಕಿ ಬಿಕ್ಕಿ ಅತ್ತಳು. ಕುಕ್ಕರ್ ಕೂಗಿತು, ಅತ್ತಳು. ರೇಡಿಯೋದವನು ನಾಳೆ ಒಣ ಹವೆ ಎಂದ, ಅತ್ತಳು. ಪಕ್ಕದ ಮನೆಯ ಮಿಕ್ಸಿ ಗುರ್ರೆಂದಾಗಲೂ ಅದೇ ತುಟಿ, ಅದೇ ಕಣ್ಣು, ಅದೇ ಬಿಕ್ಕು. ಜೀವಮಾನವೆಲ್ಲ ಪಳಗಿಸಿದ ಅವನ ಹಾಡೂ ಪಕ್ಕದ ಮನೆಯ ಮಿಕ್ಸಿಯೂ ಒಂದೇ ದರ್ಜೆಯಲ್ಲಿ ಪಾಸಾದವು.

ಆಮೇಲೆ ಕೆಲವು ದಿನ ಅವನು ಸಾಣೆಕಲ್ಲಿನ ಮುಂದೆ ಕೂತು ಗಾಜು ಉಜ್ಜುವಾಗ ಒಂದೇ ವಿಚಾರ ತಲೆಯೊಳಗೆ ತಿರುಗುತ್ತಿತ್ತು. ನಾನು ಎಷ್ಟು ದಡ್ಡ. ಅವಳು ಅಳುವುದನ್ನು ಕಾದು ಕೂತಿದ್ದೆನಲ್ಲ. ಅವಳು ಅವಳಾಗಿ ಉಳಿದಿದ್ದರೆ ಈ ಹಾಡಿಗೆ ಅಳುತ್ತಲೇ ಇರಲಿಲ್ಲ. ನೆಗಡಿಯಾ ಎಂದು ಕೇಳುತ್ತಿದ್ದಳು. ಬೆಕ್ಕಿನ ಕ್ಷೇಮ ವಿಚಾರಿಸುತ್ತಿದ್ದಳು. ಅಷ್ಟು ವರ್ಷ ಒಣಗಿದ್ದ ಕಣ್ಣೇ ಅವಳು ಕೇಳಿಸಿಕೊಳ್ಳುತ್ತಿದ್ದಳು ಎಂಬುದಕ್ಕೆ ಗುರುತು. ಊರಿನವರು ಹಾಡು ಕೇಳಿ ತಂತಮ್ಮ ದುಃಖಕ್ಕೆ ಅಳುತ್ತಿದ್ದರು. ಹಾಡನ್ನು ಹಾಡಾಗಿ, ಅದರ ಬೆಕ್ಕು ಬಾಗಿಲುಗಳ ಸಮೇತ ಕೇಳಿದವಳು ಒಬ್ಬಳೇ. ಅವಳು ಈಗ ಇಲ್ಲ ಎನ್ನುವುದಕ್ಕೆ ಕೆನ್ನೆಯ ಮೇಲೆ ದಿನಾ ಸಾಕ್ಷಿ ಇಳಿಯುತ್ತಿತ್ತು. ಅದನ್ನು ಅವನು ತನ್ನ ಕೈಯಾರೆ ಕರ್ಚೀಫಿನಲ್ಲಿ ಒರೆಸುತ್ತಿದ್ದ.

ಗಾಜು ತಪ್ಪಿ ಸಾಣೆಗೆ ಹೆಚ್ಚು ಒತ್ತಿತು. ಅಂಚು ಮುಕ್ಕಾಯಿತು. ಯಜಮಾನರು ಪರದೆ ಸರಿಸಿ ನೋಡಿದರು, ಪರದೆ ಬಿಟ್ಟರು.

ಆ ಯಜಮಾನರೇ ಸ್ವಲ್ಪ ಕಾಲದ ಮೇಲೆ ಊಟ ಮಾಡಿ ಕೈ ತೊಳೆಯುತ್ತಿದ್ದವರು ಹಾಗೇ ಹೋಗಿಬಿಟ್ಟರು. ಕಾರ್ಯದರ್ಶಿಗಳು ಚುರುಕಾದರು. ಹಾಡುವವನು ಯಾರೆಂದು ಕೇಳುವ ಪ್ರಶ್ನೆಯೇ ಇರಲಿಲ್ಲ. "ನಿನ್ನ ಯಜಮಾನರು ಕಣಯ್ಯ. ಆವತ್ತಿನ ಹಾಡು ಬೇರೆ ಮಟ್ಟದಲ್ಲಿರಬೇಕು" ಎಂದು ಭುಜ ತಟ್ಟಿದರು. ಹೆಂಡತಿಯ ತಂಗಿ ತನ್ನ ಮನೆಗೆ ಹೋಗಿದ್ದಳು. ಪಕ್ಕದ ಮನೆಯಾಕೆ ಆಗಾಗ ಬಂದು ನೋಡಿಕೊಳ್ಳುತ್ತೇನೆ ಎಂದಳು.

ಹೊರಡುವ ಮೊದಲು ಅವನು ಹೆಂಡತಿಗೆ ದಿಂಬು ಎತ್ತರಿಸಿ, ಬಾಗಿಲು ಕಾಣುವ ಹಾಗೆ ಕೂರಿಸಿದ. ಆವತ್ತು ಉಜ್ಜಿ ತಂದಿದ್ದ, ಅವಳ ನಂಬರಿಗೆ ಸಂಬಂಧವೇ ಇಲ್ಲದ ಕನ್ನಡಕ ಇಷ್ಟು ದಿನ ಗೂಡಿನಲ್ಲೇ ಬಿದ್ದಿತ್ತು. ಈಗ ಅದರ ಗಾಜು ತೆಗೆದು ಹಳೆಯದನ್ನೇ ಮತ್ತೆ ಕೂರಿಸಿ ತಂದಿದ್ದ. ಅದನ್ನು ಅವಳ ಕಿವಿಗೆ ಸಿಕ್ಕಿಸಿದ. ಆಮೇಲೆ ಹಾಲಿನ ಪಾತ್ರೆಯನ್ನು ಒಲೆಯ ಮೇಲಿನಿಂದ ತೆಗೆದು, ಮುಚ್ಚಳ ಬದಿಗಿಟ್ಟು, ಅವಳ ಕಣ್ಣಿಗೆ ಬೀಳುವಂತೆ ನೆಲದ ಮೇಲಿಟ್ಟ. ಚಪ್ಪಲಿ ಮೆಟ್ಟಿದ. ಬಾಗಿಲಲ್ಲಿ ನಿಂತ.

"ಹೋಗಿ ಬರ್ತೀನಿ ಕಣೇ" ಎಂದ.

"ಸಾಕು" ಎಂದಳು.

"ಬಾಗಿಲು?"

ಅವಳು ಅವನನ್ನು ನೋಡಿದಳು. ಅಥವಾ ಅವನಿದ್ದ ಕಡೆಗೆ. ಅವನು ಬಾಗಿಲನ್ನು ಎಳೆಯದೆ, ಹಾಗೇ ಹಾರು ಹೊಡೆದು ಬಿಟ್ಟು ಹೋದ.

ಸಭಾಂಗಣದಲ್ಲಿ ಯಜಮಾನರ ದೊಡ್ಡ ಫೋಟೋ, ಜೋಕು ಹೇಳುವ ಮೊದಲು ಒಂದು ಗಳಿಗೆ ತಡೆದ ಮುಖದಲ್ಲೇ ಸಿಕ್ಕಿಬಿದ್ದಿತ್ತು. ಕಾರ್ಯದರ್ಶಿಗಳು ತಮ್ಮ ಕಣ್ಣಿನ ನಂಬರಿನಿಂದ ಹೊರಟು ತಮ್ಮ ಬಾಲ್ಯದವರೆಗೆ ಹೋಗಿ ಬಂದರು. ಕರ್ಚೀಫಣ್ಣ ಎದ್ದು ಹಾಡಿದ. ಮನಸ್ಸು ಅಲ್ಲಿರಲಿಲ್ಲ, ಹಾಡಿಗೆ ಮನಸ್ಸು ಬೇಕೆಂದೂ ಅನ್ನಿಸಲಿಲ್ಲ. ಎರಡನೆಯ ಸಾಲಿನಲ್ಲಿ ದನಿ ತಾನೇ ಕುಸಿಯಿತು. ಕರ್ಚೀಫುಗಳು ಹೊರಬಂದವು. ಅವನು ರೆಪ್ಪೆಯ ಸಂದಿಯಿಂದ ನೋಡಿದ. ಈ ಸಲ ಅಳದವರು ಯಾರಾದರೂ ಇದ್ದಾರೆಯೇ ಎಂದು. ನಗುವವರು ಒಬ್ಬರಾದರೂ, ಬಾಯಿಗೆ ಕೈ ಒತ್ತಿಕೊಂಡು, ಹೆಗಲು ಕುಲುಕಿಸುತ್ತ. ಸಾಲು ಸಾಲಾಗಿ ಹುಡುಕಿದ. ಎಲ್ಲರೂ ಅಳುತ್ತಿದ್ದರು, ಒಂದು ಕಡೆಯಿಂದ.

"ನಿನ್ನ ಜೀವಮಾನದ ಹಾಡು ಕಣಯ್ಯ" ಎಂದರು ಕಾರ್ಯದರ್ಶಿಗಳು.

ಅವನು ಬೇಗ ಬೇಗ ಮನೆಗೆ ನಡೆದ. ಇನ್ನೂ ಬೆಳಕಿತ್ತು. ಬಾಗಿಲು ತೆರೆದೇ ಇತ್ತು. ಒಳಗೆ ಬೂದು ಬೆಕ್ಕು ಪಾತ್ರೆಯೊಳಗೆ ತಲೆ ಹಾಕಿ, ಇಷ್ಟು ವರ್ಷದ ಬಾಕಿಯೆಲ್ಲ ವಸೂಲು ಮಾಡುವ ಹಾಗೆ, ಆತುರವಿಲ್ಲದೆ ಹಾಲು ಕುಡಿಯುತ್ತಿತ್ತು. ಹೆಂಡತಿ ಅದನ್ನೇ ನೋಡುತ್ತಿದ್ದಳು. ಕನ್ನಡಕ ಸ್ವಲ್ಪ ಜಾರಿತ್ತು. ಅವನು ಹೊಸ್ತಿಲಲ್ಲೇ ನಿಂತ; ಉಸಿರಾಡಿದರೆ ಎಲ್ಲಿ ಕೆಟ್ಟೀತೋ ಎನ್ನುವ ಹಾಗೆ ನಿಂತ.

ಅವಳ ತುಟಿ ಅಲುಗಿತು.

"ಬೈಯೇ" ಎಂದ ಅವನು, ಸಣ್ಣ ದನಿಯಲ್ಲಿ. "ಬೈದುಬಿಡು ಒಂದ್ಸಲ. ಬಾಗಿಲು ಎಳೆದುಕೊಂಡು ಹೋಗಲಿಲ್ಲ ನಾನು. ನೋಡು, ಬೆಕ್ಕು."

"ಸಾಕು" ಎಂದಳು ಅವಳು. ಬೆಕ್ಕಿಗೋ, ಅವನಿಗೋ, ಹಾಲಿಗೋ. ಆಮೇಲೆ ತುಟಿ ಅದುರಿತು, ಕಣ್ಣು ತುಂಬಿತು, ಮಿಕ್ಸಿಗೆ ಅತ್ತ ಹಾಗೇ ಬೆಕ್ಕಿಗೂ ಅತ್ತಳು.

ಅವನು ಹೋಗಿ ಪಕ್ಕದಲ್ಲಿ ಕೂತು ಅವಳ ಕನ್ನಡಕ ತೆಗೆದ. ಸಭೆಗೆಂದು ಒಯ್ದಿದ್ದ ಒಗೆದ ಕರ್ಚೀಫು ಜೇಬಿನಲ್ಲಿ ಮಡಿಕೆ ಮುರಿಯದೆ ಇತ್ತು. ಅದನ್ನು ಬಿಡಿಸಿ ಅವಳ ಕೆನ್ನೆ ಒರೆಸಿದ, ಗಾಜು ಒರೆಸಿದ, ಕನ್ನಡಕದ ಕಡ್ಡಿಯನ್ನು ಬೆರಳಿನಿಂದ ಸ್ವಲ್ಪ ಒಳಕ್ಕೆ ಬಾಗಿಸಿ ಮತ್ತೆ ಹಾಕಿದ. ಇನ್ನು ಜಾರುವುದಿಲ್ಲ. ಬೆಕ್ಕು ಪಾತ್ರೆ ಮುಗಿಸಿ, ಕಿಟಕಿಯ ಕೆಳಗೆ ಹೊಲಿಯದೆ ಉಳಿದಿದ್ದ ಅಂಗಿಗಳ ಮೇಲೆ ಸುರುಳಿ ಸುತ್ತಿಕೊಂಡು ಮಲಗಿತು. ಅವನು ಓಡಿಸಲಿಲ್ಲ.

ಅಂಗಡಿಯನ್ನು ಯಜಮಾನರ ಅಳಿಯ ನಡೆಸುತ್ತಾನೆ. ಅವನಿಗೆ ಜೋಕು ಬರುವುದಿಲ್ಲ. ಕಾರ್ಯದರ್ಶಿಗಳು ಕರೆ ಕಳಿಸಿದಾಗಲೆಲ್ಲ ಕರ್ಚೀಫಣ್ಣ ಗಂಟಲು ಸರಿಯಿಲ್ಲ ಎನ್ನುತ್ತಾನೆ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಬಾಗಿಲನ್ನು ಅರ್ಧಕ್ಕೆ ಬಿಟ್ಟು, ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ನೋಡಿದವರು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಒಳಗಿನಿಂದ ಆ ಮಾತು ಬರುವುದಿಲ್ಲ. ಬೆಕ್ಕು ಅವನ ಕಾಲಿನ ಪಕ್ಕದಿಂದ, ಅವನನ್ನು ಮುಟ್ಟದೆ, ಒಳಗೆ ಹೋಗುತ್ತದೆ.